ಸಾಲಿಗೆ ಮರಳಿ ಬನ್ನಿ

ಸರ್ಕಾರಿ ಶಾಲೆ ಸರಿಯಿಲ್ಲ ಅನ್ನಿಸಿದ ದಿನ ನಾವು ಮಕ್ಕಳನ್ನು ಕಾನ್ವೆಂಟಿಗೆ ಸೇರಿಸಿದೆವು. ಸರ್ಕಾರಿ ಆಸ್ಪತ್ರೆಯಲ್ಲಿ ಚೀಟಿ ಮಾಡಿಸಿ ಕಾಯುವುದು ಬೇಸರವಾದಾಗ ನರ್ಸಿಂಗ್ ಹೋಮಿಗೆ ಹೋದೆವು. ನಲ್ಲಿಯಲ್ಲಿ ನೀರು ನಿಂತಾಗ ಬೋರ್ ಕೊರೆಸಿದೆವು. ಕೈಯಲ್ಲಿ ನಾಲ್ಕು ಕಾಸಿದ್ದವರೆಲ್ಲ ಹೀಗೆ ಒಂದೊಂದೇ ಸಾಲಿನಿಂದ ಆಚೆ ಬಂದೆವು. ತಾಲ್ಲೂಕು ಕಚೇರಿ, ನಾಡಕಚೇರಿ, ಗ್ರಾಮ ಪಂಚಾಯಿತಿಗಳ ಮುಂದಿನ ಸಾಲು ಮಾತ್ರ ಹಾಗೆ ಬಿಟ್ಟುಹೋಗುವಂಥದ್ದಲ್ಲ. ಖಾಸಗಿ ಪಹಣಿ ಎಂಬುದಿಲ್ಲ. ಖಾಸಗಿ ಜಾತಿ ಪ್ರಮಾಣಪತ್ರ ಯಾವ ಅಂಗಡಿಯಲ್ಲೂ ಸಿಗುವುದಿಲ್ಲ. ಅಪ್ಪ ತೀರಿಕೊಂಡರೆ ಅವರ ಹೆಸರಿನ ಜಮೀನು ಮಕ್ಕಳ ಹೆಸರಿಗೆ ಬರಲು ಪೌತಿ ಖಾತೆಯೇ ಆಗಬೇಕು, ಅದನ್ನು ಕಂದಾಯ ಇಲಾಖೆಯೇ ಮಾಡಿಕೊಡಬೇಕು. ಎಷ್ಟೇ ದುಡ್ಡಿರಲಿ, ಈ ಬಾಗಿಲಿಗೆ ಬರದೆ ವಿಧಿಯಿಲ್ಲ.

ಬಂದ ನಾವು ಮಾಡಿದ್ದೇನು? ಇಲ್ಲೂ ಒಂದು ಹಿಂಬಾಗಿಲು ಮಾಡಿಕೊಂಡೆವು. ಕಚೇರಿ ಎದುರಿನ ಟೀ ಅಂಗಡಿಯ ಬೆಂಚಿನ ಮೇಲೆ ಕೂತ, ಬಂದವರೆಲ್ಲ 'ಅಣ್ಣ' ಎಂದೇ ಕರೆಯುವ ಮನುಷ್ಯನ ಕೈಗೆ ಕಾಗದವನ್ನೂ ದುಡ್ಡನ್ನೂ ಕೊಟ್ಟು ಬಂದೆವು. ಅವನ ಹತ್ತಿರ ಹೋಗಲು ಮನಸ್ಸೊಪ್ಪದವರು ಪರಿಚಯದ ಅಧಿಕಾರಿಗೋ ಶಾಸಕರ ಆಪ್ತ ಸಹಾಯಕರಿಗೋ ಫೋನ್ ಮಾಡಿಸಿದೆವು. ಎರಡರಲ್ಲೂ ಆದದ್ದು ಒಂದೇ. ನಮ್ಮ ಕಾಗದ ಮುಂದೆ ಹೋಯಿತು, ಬೆಳಿಗ್ಗೆಯಿಂದ ನಿಂತಿದ್ದ ಯಾರದೋ ಕಾಗದ ಕೆಳಗೆ ಬಿತ್ತು. ದುಡ್ಡು ಕೊಡದೆ ಬರೀ ಫೋನ್ ಮಾಡಿಸಿದವರು ತಮ್ಮ ಕೈ ಶುದ್ಧ ಎಂದುಕೊಳ್ಳಬೇಕಿಲ್ಲ. ಕೆಳಗೆ ಬಿದ್ದ ಕಾಗದದವರಿಗೆ ಆದ ನಷ್ಟ ಎರಡು ದಾರಿಯಲ್ಲೂ ಅಷ್ಟೇ.

ಆ ಕೆಳಗೆ ಬಿದ್ದ ಕಾಗದದ ಒಡೆಯರು ಯಾರು ಎಂದು ಒಮ್ಮೆ ಹತ್ತಿರದಿಂದ ನೋಡಬೇಕು.

ಈಚೆಗೆ ಒಂದು ಹೋಬಳಿ ಕೇಂದ್ರದ ನಾಡಕಚೇರಿಯಲ್ಲಿ ಕಂಡ ಅಜ್ಜಿಯೊಬ್ಬರು ಕಣ್ಣಿನಿಂದ ಮರೆಯಾಗುತ್ತಿಲ್ಲ. ಬಟ್ಟೆ ಅಂಗಡಿಯ ಪ್ಲಾಸ್ಟಿಕ್ ಕವರಿನೊಳಗೆ ರೇಷನ್ ಕಾರ್ಡು, ಆಧಾರ್, ಬ್ಯಾಂಕ್ ಪಾಸ್‌ಬುಕ್, ಮಡಿಕೆ ಬಿದ್ದ ಜಾಗದಲ್ಲಿ ಅಕ್ಷರ ಅಳಿಸಿಹೋದ ಒಂದು ಜೆರಾಕ್ಸ್. ಸಂಧ್ಯಾ ಸುರಕ್ಷಾ ಯೋಜನೆಯ ತಿಂಗಳ 1,200 ರೂಪಾಯಿ ಬರುವುದು ನಿಂತಿತ್ತು. ಕೌಂಟರಿನ ಹುಡುಗ ಪಾಸ್‌ಬುಕ್ ತಿರುವಿ ಹಾಕಿ, "ಅಜ್ಜಿ, ಆಧಾರ್ ಲಿಂಕ್ ಆಗಿಲ್ಲ. ಬ್ಯಾಂಕಿಗೆ ಹೋಗ್ಬೇಕು" ಎಂದ. "ಬ್ಯಾಂಕ್ನೋರೇ ಇಲ್ಲಿಗೆ ಕಳ್ಸವ್ರೆ ಕಣಪ್ಪ" ಎಂದರು ಅಜ್ಜಿ. "ಹಂಗಾದ್ರೆ ಗುರುವಾರ ಬನ್ನಿ, ಇವತ್ತು ಸರ್ವರ್ ಇಲ್ಲ." ಅಜ್ಜಿ ಜಗಳ ಆಡಲಿಲ್ಲ. ಮೊಮ್ಮಗನ ವಯಸ್ಸಿನ ಆ ಹುಡುಗನಿಗೆ ಕೈ ಮುಗಿದು, ಕಾಗದಗಳನ್ನು ಒಂದೊಂದಾಗಿ ಕವರಿಗೆ ತುಂಬಿಕೊಂಡು, ಕವರಿನ ಬಾಯಿಗೆ ರಬ್ಬರ್ ಬ್ಯಾಂಡ್ ಸುತ್ತಿ ಹೊರಗೆ ನಡೆದರು. ಬಂದು ಕೇಳಿದ್ದಕ್ಕೆ ಸಾಕ್ಷಿಯಾಗಿ ಅವರ ಕೈಯಲ್ಲಿ ಒಂದು ಚೀಟಿಯೂ ಇರಲಿಲ್ಲ. ಕಚೇರಿಯ ಕಂಪ್ಯೂಟರಿನ ಮಟ್ಟಿಗೆ ಆ ಅಜ್ಜಿ ಅವತ್ತು ಅಲ್ಲಿಗೆ ಬಂದೇ ಇರಲಿಲ್ಲ.

ನನ್ನ ಇಡೀ ಅಳಲು ಇರುವುದು ಆ ಇಲ್ಲದ ಚೀಟಿಯ ಬಗ್ಗೆ.

ನಾಗರಿಕ ಸೇವೆಯ ವಿಷಯದಲ್ಲಿ ಕರ್ನಾಟಕ ದೇಶಕ್ಕೆ ದಾರಿ ತೋರಿದ ರಾಜ್ಯ. ಈ ಮಾತನ್ನು ಹೆಮ್ಮೆಯಿಂದಲೇ ಹೇಳುತ್ತೇನೆ. 2000ದ ಆಸುಪಾಸಿನಲ್ಲಿ 'ಭೂಮಿ' ಯೋಜನೆ ಬಂತು. ಗ್ರಾಮ ಲೆಕ್ಕಿಗರ ಕೈಬರಹದ ಪುಸ್ತಕಗಳಲ್ಲಿದ್ದ ಸುಮಾರು 2 ಕೋಟಿ ಪಹಣಿಗಳು ಕಂಪ್ಯೂಟರಿಗೆ ಬಂದವು. ಲೆಕ್ಕಿಗರ ಮನೆ ಬಾಗಿಲಲ್ಲಿ ವಾರಗಟ್ಟಲೆ ಕಾದು, ಅವರ ಮನಸ್ಸು ಕರಗಿದಾಗ ಪಹಣಿ ಬರೆಸಿಕೊಂಡು ಬರುತ್ತಿದ್ದ ರೈತ, ತಾಲ್ಲೂಕು ಕಚೇರಿಯ ಕಿಟಕಿಯಲ್ಲಿ 15 ರೂಪಾಯಿ ಕೊಟ್ಟು ಅದನ್ನು ಪಡೆದ. ಖಾತೆ ಬದಲಾವಣೆ ಅರ್ಜಿಗಳಿಗೆ ಮೊದಲು ಬಂದದ್ದು ಮೊದಲು ಎಂಬ ನಿಯಮವನ್ನು ತಂತ್ರಾಂಶದೊಳಗೇ ಕಟ್ಟಲಾಯಿತು. ಗೌಡರದೇ ಇರಲಿ, ಕೂಲಿಯವರದೇ ಇರಲಿ, ಹಿಂದಿನ ಅರ್ಜಿಯನ್ನು ಹಾರಿಸಿ ಮುಂದಿನದನ್ನು ಎತ್ತಿಕೊಳ್ಳಲು ಯಂತ್ರ ಬಿಡುತ್ತಿರಲಿಲ್ಲ. ಊರಿನ ಯಜಮಾನಿಕೆಗೆ ಬಿದ್ದ ಅಷ್ಟು ದೊಡ್ಡ ಪೆಟ್ಟು ಸದ್ದಿಲ್ಲದೆ ಬಿತ್ತು.

ಅದಾದ ಮೇಲೆ 2011ರಲ್ಲಿ ನಾಗರಿಕ ಸೇವಾ ಖಾತರಿ ಕಾಯ್ದೆ ಆಯಿತು. 2012ರ ಏಪ್ರಿಲ್ 2ರಂದು 'ಸಕಾಲ' ಎಂಬ ಹೆಸರಿನಲ್ಲಿ 151 ಸೇವೆಗಳೊಂದಿಗೆ ರಾಜ್ಯದಾದ್ಯಂತ ಜಾರಿಯಾಯಿತು. ಅರ್ಜಿ ಕೊಟ್ಟ ಕೂಡಲೇ 15 ಅಂಕಿಯ ಸಂಖ್ಯೆಯಿರುವ ಸ್ವೀಕೃತಿ ಕೊಡಬೇಕು. ಪ್ರತಿ ಸೇವೆಗೂ ಇಷ್ಟು ದಿನ ಎಂದು ಗಡುವಿದೆ. ಗಡುವು ಮೀರಿದರೆ ಮೇಲಿನ ಸಕ್ಷಮ ಅಧಿಕಾರಿಗೆ ಮೇಲ್ಮನವಿ, ಅಲ್ಲೂ ಆಗದಿದ್ದರೆ ಇನ್ನೊಂದು ಮೇಲ್ಮನವಿ. ತಡವಾದ ಪ್ರತಿ ದಿನಕ್ಕೆ 20 ರೂಪಾಯಿಯಂತೆ 500 ರೂಪಾಯಿವರೆಗೆ ಪರಿಹಾರ, ಅದು ತಡ ಮಾಡಿದವರ ಸಂಬಳದಿಂದಲೇ ಹೋಗಬೇಕು. ಮೊತ್ತ ಸಣ್ಣದಿರಬಹುದು, ಅದರ ಹಿಂದಿನ ತತ್ವ ಸಣ್ಣದಲ್ಲ. ಅರ್ಜಿದಾರರ ದಿನಕ್ಕೂ ಬೆಲೆಯಿದೆ ಎಂದು ಸರ್ಕಾರ ಕಾನೂನಿನಲ್ಲೇ ಬರೆದುಕೊಟ್ಟಿತು.

ಇಷ್ಟೆಲ್ಲ ಇದ್ದೂ ಆ ಅಜ್ಜಿ ಬರಿಗೈಲಿ ಮನೆಗೆ ಹೋದದ್ದು ಹೇಗೆ? ಅರ್ಜಿ ಕಂಪ್ಯೂಟರಿನ ಒಳಗೆ ಹೋದ ಮೇಲಷ್ಟೇ ಈ ಸರದಿ, ಈ ಗಡುವು, ಈ ದಂಡ ಎಲ್ಲ ಶುರುವಾಗುತ್ತದೆ. ಅದಕ್ಕೆ ಮುಂಚೆ ಕೌಂಟರಿನ ಈಚೆಗೆ ಒಂದು ಜಾಗವಿದೆ. ಅಲ್ಲಿ ಯಾವ ಕಾನೂನೂ ಇಲ್ಲ. "ಸಾಹೇಬ್ರು ಮೀಟಿಂಗ್‌ಗೆ ಹೋಗಿದಾರೆ", "ಇನ್ನೊಂದು ಜೆರಾಕ್ಸ್ ಬೇಕು", "ಕಾಗದ ಇಟ್ಟು ಹೋಗಿ, ನೋಡೋಣ", "ನಾಳೆ ಬನ್ನಿ" ಎಂಬ ಮಾತುಗಳಿಗೆ ದಾಖಲೆ ಇಲ್ಲ, ದಿನಾಂಕ ಇಲ್ಲ, ಸಹಿ ಇಲ್ಲ. ದಲ್ಲಾಳಿ ಬದುಕುವುದು ಈ ಜಾಗದಲ್ಲೇ. ಬಾಯಿಮಾತಿನಲ್ಲಿ ವಾಪಸು ಹೋದವರ ಲೆಕ್ಕ ಯಾವ ಪ್ರಗತಿ ಪರಿಶೀಲನಾ ಸಭೆಯ ವರದಿಯಲ್ಲೂ ಬರುವುದಿಲ್ಲ. ಸ್ವೀಕರಿಸಿದ ಅರ್ಜಿಗಳಲ್ಲಿ ಇಷ್ಟು ವಿಲೇವಾರಿ ಎಂದು ಮೇಜು ಕುಟ್ಟಿ ಹೇಳುವ ಅಧಿಕಾರಿಗಳನ್ನು, ಸ್ವೀಕರಿಸದೆ ಕಳಿಸಿದ್ದು ಎಷ್ಟು ಸ್ವಾಮಿ ಎಂದು ಕೇಳುವವರು ಬೇಕು.

ಕೇಳಬೇಕಾದವರು ಯಾರು? ಓದಲು ಬರೆಯಲು ಬಲ್ಲ ನಾವು. ಕಾಯ್ದೆಯ ಹೆಸರು ಹೇಳಿ "ಸಕಾಲ ಸಂಖ್ಯೆ ಕೊಡಿ ಸಾರ್" ಎಂದು ತಲೆಯೆತ್ತಿ ಕೇಳಬಲ್ಲವರು. ಹಾಗೆ ಕೇಳಬಲ್ಲ ನೂರು ಜನರಲ್ಲಿ ಬಹುಪಾಲು ಮಂದಿ ಆ ಸಾಲಿನಲ್ಲೇ ಇಲ್ಲ. ಹಿಂಬಾಗಿಲಿನಿಂದ ಕೆಲಸ ಮುಗಿಸಿಕೊಂಡು ಮನೆಗೆ ಹೋಗಿದ್ದಾರೆ. ಉಳಿದವರು ಯಾರೆಂದರೆ ಕೇಳಿದರೆ ಎಲ್ಲಿ ಕೆಲಸ ಕೆಡುತ್ತದೋ ಎಂದು ಹೆದರುವವರು, ಕೂಲಿ ಬಿಟ್ಟು ಬಂದವರು, ಸಹಿಯ ಬದಲು ಹೆಬ್ಬೆಟ್ಟು ಒತ್ತುವವರು. ಅವರಷ್ಟೇ ಉಳಿದ ಸಾಲಿಗೆ ಯಾವ ಕಚೇರಿ ಹೆದರುತ್ತದೆ? ಊರಿನ ಮೇಷ್ಟರು, ವಕೀಲರು, ಬ್ಯಾಂಕಿನ ಮ್ಯಾನೇಜರು, ಪತ್ರಕರ್ತರು ವಾರಕ್ಕೊಬ್ಬರಾದರೂ ಅದೇ ಸಾಲಿನಲ್ಲಿ ಟೋಕನ್ ಹಿಡಿದು ನಿಂತಿದ್ದರೆ ಕುಡಿಯುವ ನೀರಿನ ಕ್ಯಾನು, ಕೂರಲು ನಾಲ್ಕು ಕುರ್ಚಿ, ಸರ್ವರ್ ಯಾವಾಗ ಬರುತ್ತದೆ ಎಂಬ ಒಂದು ಸಾಲಿನ ನೋಟಿಸು ತಾನಾಗಿಯೇ ಬರುತ್ತಿತ್ತು. ಸಾಲನ್ನು ಕೆಡಿಸಿದ್ದು ಲಂಚ ತಿಂದವರು ಮಾತ್ರವಲ್ಲ. ಬಿಟ್ಟು ಹೋದ ನಾವೂ ಅದರಲ್ಲಿ ಪಾಲುದಾರರು.

ದಲ್ಲಾಳಿಯನ್ನು ಬೈದು ಮುಗಿಸುವುದೂ ಸುಲಭ. ಅವನು ಮಾರುವುದು ಏನನ್ನು? ಯಾವ ಅರ್ಜಿಗೆ ಯಾವ ಕಾಗದ ಲಗತ್ತಿಸಬೇಕು, ಯಾವ ಟೇಬಲ್ಲಿಗೆ ಕೊಡಬೇಕು, ತಿರಸ್ಕೃತವಾದರೆ ಏನು ಮಾಡಬೇಕು ಎಂಬ ತಿಳಿವಳಿಕೆಯನ್ನು. ಈ ವಿದ್ಯೆ ಊರಿನ ಪ್ರತಿ ಪದವೀಧರರಿಗೂ ಒಂದು ವಾರದಲ್ಲಿ ಬರುತ್ತದೆ. ನಾವು ಅದನ್ನು ಪುಕ್ಕಟೆ ಹಂಚಲಿಲ್ಲ, ಅವನು ದುಡ್ಡಿಗೆ ಮಾರಿದ. ಪಿಯುಸಿ ಮುಗಿಯುವ ಹೊತ್ತಿಗೆ ಸಿಇಟಿ ಅರ್ಜಿಗೆ ಜಾತಿ, ಆದಾಯ ಪ್ರಮಾಣಪತ್ರದ ಆರ್‌ಡಿ ಸಂಖ್ಯೆ ಬೇಕೆಂದು ಮಕ್ಕಳು ನಾಡಕಚೇರಿಗೆ ಓಡುತ್ತಾರಲ್ಲ, ಆ ಹೊತ್ತಿನ ಅವರ ಮುಖ ನೋಡಿದವರಿಗೆ ಗೊತ್ತು. ಒಂದು ಸಂಖ್ಯೆಗಾಗಿ ಸೀಟು ಕೈತಪ್ಪಬಹುದೆಂಬ ಭಯದಲ್ಲಿ ಅಮ್ಮನ ಕಿವಿಯೋಲೆ ಅಡವಿಟ್ಟಾದರೂ ದುಡ್ಡು ಹೊಂದಿಸುತ್ತಾರೆ. ಹದಿನೇಳು ವರ್ಷದ ಹುಡುಗಿ ಸರ್ಕಾರದ ಬಗ್ಗೆ ಕಲಿಯುವ ಮೊದಲ ಪಾಠ ಇದಾದರೆ, ಪೌರನೀತಿ ಪುಸ್ತಕದ ಯಾವ ಅಧ್ಯಾಯ ಅದನ್ನು ಅಳಿಸೀತು?

ಕಾನೂನಿನ ಮಾತೂ ಒಂದಿದೆ. ಭ್ರಷ್ಟಾಚಾರ ತಡೆ ಕಾಯ್ದೆಗೆ 2018ರಲ್ಲಿ ಬಂದ ತಿದ್ದುಪಡಿಯ ನಂತರ ಲಂಚ ಕೊಟ್ಟವರೂ ಅಪರಾಧಿಗಳೇ. ಬಲವಂತಕ್ಕೆ ಸಿಕ್ಕಿ ಕೊಟ್ಟವರು ಏಳು ದಿನಗಳೊಳಗೆ ದೂರು ಕೊಟ್ಟರೆ ಮಾತ್ರ ರಕ್ಷಣೆ. ಬಡವರಿಗೆ ಈ ಏಳು ದಿನದ ವಿಷಯ ಹೇಳಿದವರು ಯಾರೂ ಇಲ್ಲ. ಕೇಳಿದಷ್ಟು ಕೊಟ್ಟು, ಮೇಲೆ ಅಪರಾಧಿಯೂ ಆಗಿ, ಬಾಯಿ ಮುಚ್ಚಿಕೊಂಡಿರಬೇಕಾದ ಸ್ಥಿತಿ ಅವರದು.

ಕೌಂಟರಿನ ಆಚೆ ಕೂತವರಿಗೂ ನಾಲ್ಕು ಮಾತು ಹೇಳಬೇಕು, ಅವರ ಕಷ್ಟ ಕಂಡೇ ಹೇಳುತ್ತೇನೆ. 2024ರ ಸೆಪ್ಟೆಂಬರ್ ಕೊನೆಯಲ್ಲಿ ಗ್ರಾಮ ಆಡಳಿತ ಅಧಿಕಾರಿಗಳು ಮುಷ್ಕರ ಹೂಡಿದರು. ಕೂರಲು ನೆಟ್ಟಗೆ ಒಂದು ಕಚೇರಿಯಿಲ್ಲ, ಮೇಜು ಕುರ್ಚಿ ಇಲ್ಲ, ಕೈಯಲ್ಲಿರುವ ಮೊಬೈಲಿಗೆ ದಿನಕ್ಕೊಂದು ಹೊಸ ಆ್ಯಪ್ ಎಂಬುದು ಅವರ ದೂರು. ಬೆಳೆ ಸಮೀಕ್ಷೆ, ಆಧಾರ್ ಜೋಡಣೆ, ಮತದಾರರ ಪಟ್ಟಿ, ಬರ ಬಂದರೆ ಬರ, ನೆರೆ ಬಂದರೆ ನೆರೆ, ಎಲ್ಲಕ್ಕೂ ಅವರೇ. ಕೌಂಟರಿನ ಹುಡುಗ ಹೊರಗುತ್ತಿಗೆಯವನಾದರೆ ಅವನ ಕೆಲಸ ಮುಂದಿನ ವರ್ಷ ಇರುತ್ತದೋ ಇಲ್ಲವೋ ಅವನಿಗೇ ಗೊತ್ತಿಲ್ಲ. ಪಂಚಾಯಿತಿಯ ನೀರುಗಂಟಿ ನಸುಕಿನಲ್ಲೆದ್ದು ಊರಿಗೆ ನೀರು ಬಿಟ್ಟು, ತನ್ನ ಸಂಬಳಕ್ಕೆ ತಿಂಗಳುಗಟ್ಟಲೆ ಕಾಯುವುದು ಹೊಸ ಸುದ್ದಿಯೇನಲ್ಲ. ಇವರ ಬೇಡಿಕೆಗಳು ನ್ಯಾಯವಾದವು. ಸಾಲಿನಲ್ಲಿ ನಿಂತವರೂ ಅವರ ಪರ ದನಿ ಎತ್ತಬೇಕು.

ಆದರೆ ಅಣ್ಣಂದಿರೇ, ಅಕ್ಕಂದಿರೇ, ಮೇಲಿನವರ ಮೇಲಿನ ಸಿಟ್ಟನ್ನು ಕೆಳಗಿನವರ ಮೇಲೆ ತೀರಿಸುವುದು ಯಾವ ನ್ಯಾಯ? ಸರ್ವರ್ ಇಲ್ಲದ್ದು ನಿಮ್ಮ ತಪ್ಪಲ್ಲ, ಒಪ್ಪಿದೆ. ಸರ್ವರ್ ಇಲ್ಲದಿದ್ದರೂ ಕಾಗದ ತೆಗೆದುಕೊಂಡು, ಹಿಂಬರಹದಲ್ಲಿ ದಿನಾಂಕ ಹಾಕಿ ಒಂದು ಸಹಿ ಮಾಡಿಕೊಡಲು ವಿದ್ಯುತ್ ಬೇಕೆ, ಇಂಟರ್‌ನೆಟ್ ಬೇಕೆ? "ಬನ್ನಿ ಅಜ್ಜಿ, ಕೂತ್ಕೊಳ್ಳಿ" ಎನ್ನಲು ಯಾರ ಆದೇಶ ಬೇಕು? ನಿಮ್ಮಲ್ಲಿ ಹಾಗೆ ಅನ್ನುವವರು ಇದ್ದಾರೆ. ಊಟದ ಡಬ್ಬಿ ಬದಿಗಿಟ್ಟು ಕೊನೆಯ ಅರ್ಜಿಯವರೆಗೂ ನೋಡುವ ಆಪರೇಟರುಗಳಿದ್ದಾರೆ, ಹಾಸಿಗೆ ಹಿಡಿದವರ ಮನೆಗೇ ಹೋಗಿ ಪಿಂಚಣಿ ಅರ್ಜಿ ಬರೆಸಿಕೊಂಡು ಬರುವ ಗ್ರಾಮ ಸಹಾಯಕರಿದ್ದಾರೆ. ಅವರ ಹೆಸರು ಊರಿನ ಜನ ಮರೆಯುವುದಿಲ್ಲ. ನಿಮ್ಮ ಅಮ್ಮನೋ ಅಜ್ಜಿಯೋ ಇನ್ನೊಂದು ಹೋಬಳಿಯಲ್ಲಿ ಇಂಥದ್ದೇ ಕವರು ಹಿಡಿದು ನಿಂತಿರಬಹುದು. ಅಲ್ಲಿನವರು ಹೇಗೆ ನಡೆದುಕೊಂಡರೆ ನಿಮಗೆ ಸಮಾಧಾನವೋ ಇಲ್ಲಿ ನೀವೂ ಹಾಗೆಯೇ ನಡೆದುಕೊಳ್ಳಿ.

ನಾವು ಬಿಟ್ಟುಬಂದ ಇನ್ನೊಂದು ಸಾಲಿದೆ, ಅದು ಗ್ರಾಮಸಭೆ. ಕೌಂಟರಿಗಿಂತ ಇದು ದೊಡ್ಡದು. ಕೌಂಟರಿನಲ್ಲಿ ಒಬ್ಬರ ಕಾಗದ, ಗ್ರಾಮಸಭೆಯಲ್ಲಿ ಇಡೀ ಊರಿನ ಕಾಗದ. ಆರು ತಿಂಗಳಿಗೊಮ್ಮೆಯಾದರೂ ಅದು ಸೇರಬೇಕು, ಅದಕ್ಕೆ ಮೊದಲು ವಾರ್ಡ್ ಸಭೆಗಳಾಗಬೇಕು. ಮತದಾರರ ಪಟ್ಟಿಯಲ್ಲಿ ಹೆಸರಿದ್ದವರೆಲ್ಲ ಅದರ ಸದಸ್ಯರು. ಬಸವ ವಸತಿ, ಅಂಬೇಡ್ಕರ್ ನಿವಾಸದ ಮನೆಗಳಿಗೆ ಫಲಾನುಭವಿಗಳು ಯಾರು ಎಂಬುದು ಅಲ್ಲಿ ನಿಷ್ಕರ್ಷೆಯಾಗಬೇಕು. ಯಾವ ಕೇರಿಗೆ ಚರಂಡಿ, ಯಾವ ಓಣಿಗೆ ದೀಪ, ಯಾವ ಕೊಳವೆಬಾವಿಗೆ ಮೋಟಾರು ಎಂಬುದೂ ಅಲ್ಲೇ. ನಡೆಯುವುದು ಹೇಗೆ ಎಂದು ಊರಿನವರಿಗೆಲ್ಲ ಗೊತ್ತು. ಆಟೋದಲ್ಲಿ ಮೈಕು ಕಟ್ಟಿ ಒಂದು ಸುತ್ತು ಸಾರುತ್ತಾರೆ, ಅದೂ ಕೆಲವೊಮ್ಮೆ ಇಲ್ಲ. ಹನ್ನೊಂದಕ್ಕೆ ಎಂದದ್ದು ಒಂದೂವರೆಗೆ ಶುರು. ಮಾರ್ಗದರ್ಶಿ ಅಧಿಕಾರಿಯಾಗಿ ಬಂದವರು ಗಡಿಯಾರ ನೋಡುತ್ತಾರೆ. ಹಿಂದಿನ ಸಭೆಯ ನಡಾವಳಿ ಓದುವ ಹೊತ್ತಿಗೆ ಅರ್ಧ ಜನ ಊಟಕ್ಕೆದ್ದಿರುತ್ತಾರೆ. ಹಾಜರಿ ಕಡಿಮೆ ಬಿದ್ದರೆ ಪುಸ್ತಕ ಮನೆಮನೆಗೆ ಹೋಗಿ ಸಹಿ ಹಾಕಿಸಿಕೊಂಡು ಬರುತ್ತದೆ. ಆ ಪುಸ್ತಕ ಬಾಗಿಲಿಗೆ ಬಂದಾಗ ಪೆನ್ನು ಹಿಡಿಯುವ ಕೈ ನಮ್ಮದು. ಆ ಒಂದು ಸಹಿಯಿಂದ ಯಾರದೋ ಮನೆ ಪಟ್ಟಿಯಿಂದ ಹೋಗುತ್ತದೆ, ಮೊದಲೇ ಮನೆ ಇದ್ದವರಿಗೆ ಎರಡನೆಯ ಮನೆ ಮಂಜೂರಾಗುತ್ತದೆ. ಸಭೆಗೆ ಹೋಗದವರು ಕೊನೆಯ ಪಕ್ಷ ಆ ಸಹಿಯನ್ನಾದರೂ ಹಾಕಬೇಡಿ.

ಈ ಅಧಿಕಾರ ಪುಕ್ಕಟೆ ಬಂದದ್ದಲ್ಲ. ಗುಂಡ್ಲುಪೇಟೆಯ ಅಬ್ದುಲ್ ನಜೀರ್ ಸಾಬರು ರಾಮಕೃಷ್ಣ ಹೆಗಡೆ ಸರ್ಕಾರದಲ್ಲಿ ಮಂತ್ರಿಯಾಗಿದ್ದಾಗ, ಊರಿನ ಕೆಲಸ ಊರಿನವರ ಕೈಯಲ್ಲಿರಬೇಕೆಂದು ಹಟ ಹಿಡಿದು 1983ರ ಪಂಚಾಯಿತಿ ಕಾಯ್ದೆ ತಂದರು. ಹಳ್ಳಿಹಳ್ಳಿಗೆ ಕೊಳವೆಬಾವಿ ಕೊರೆಸಿದ್ದಕ್ಕೆ ಜನ ಅವರನ್ನು 'ನೀರ್ ಸಾಬ್' ಎಂದರು. 1987ರ ಚುನಾವಣೆಯಲ್ಲಿ ಹೆಣ್ಣುಮಕ್ಕಳಿಗೆ ನಾಲ್ಕನೇ ಒಂದು ಪಾಲು ಸ್ಥಾನ ಮೀಸಲಿಟ್ಟು ದೇಶ ಕಣ್ಣರಳಿಸುವಂತೆ ಮಾಡಿದ ರಾಜ್ಯ ಇದು. ಸಂವಿಧಾನದ 73ನೇ ತಿದ್ದುಪಡಿ 1993ರಲ್ಲಿ ಜಾರಿಗೆ ಬರುವ ಹೊತ್ತಿಗೆ ನಮಗೆ ಆ ದಾರಿ ಹೊಸದಾಗಿರಲಿಲ್ಲ. ಅಂಥ ನಾಡಿನಲ್ಲಿ ಜಿಲ್ಲಾ, ತಾಲ್ಲೂಕು ಪಂಚಾಯಿತಿಗಳಿಗೆ 2016ರ ಫೆಬ್ರವರಿಯಲ್ಲಿ ಚುನಾವಣೆ ನಡೆದು, 2021ರಲ್ಲಿ ಅವಧಿ ಮುಗಿದು, ಅಲ್ಲಿಂದ ವರ್ಷಗಟ್ಟಲೆ ಆಡಳಿತಾಧಿಕಾರಿಗಳದೇ ಕಾರುಬಾರು. ಐದು ವರ್ಷಕ್ಕೊಮ್ಮೆ ಚುನಾವಣೆ ಆಗಲೇಬೇಕೆಂದು ಸಂವಿಧಾನ ಹೇಳುತ್ತದೆ. ಕ್ಷೇತ್ರ ಮರುವಿಂಗಡಣೆ, ಮೀಸಲಾತಿ ಪಟ್ಟಿ ಎಂದು ಯಾವುದೇ ಪಕ್ಷ ಅಧಿಕಾರದಲ್ಲಿರಲಿ ನೆಪ ಸಿಕ್ಕಿತು. ರಾಜಧಾನಿ ಬೆಂಗಳೂರಿನ ಪಾಲಿಕೆಯೇ 2020ರ ಸೆಪ್ಟೆಂಬರ್‌ನಲ್ಲಿ ಅವಧಿ ಮುಗಿಸಿ ಐದು ವರ್ಷ ಕಾರ್ಪೊರೇಟರುಗಳಿಲ್ಲದೆ ನಡೆಯಿತು. ವಿಧಾನಸಭೆಯ ಚುನಾವಣೆ ಒಂದು ತಿಂಗಳು ತಡವಾದರೆ ಬೀದಿಗಿಳಿಯುವ ನಾವು ಇದಕ್ಕೆ ಒಂದು ಮೆರವಣಿಗೆಯನ್ನೂ ತೆಗೆಯಲಿಲ್ಲ. ಕಸ ಎತ್ತದಿದ್ದರೆ, ಹಳ್ಳದ ಸೇತುವೆ ಕುಸಿದರೆ ಯಾರ ಮನೆ ಬಾಗಿಲು ತಟ್ಟಬೇಕೆಂದು ಗೊತ್ತಿಲ್ಲದ ಸ್ಥಿತಿಗೆ ನಾವೇ ಒಗ್ಗಿಕೊಂಡೆವು.

ಈಗ ಏನು ಮಾಡಬೇಕು ಎಂದು ಕೇಳುವವರಿಗೆ ನನ್ನ ಹತ್ತಿರ ದೊಡ್ಡ ಯೋಜನೆಯೇನಿಲ್ಲ. ಮುಂದಿನ ಸಲ ನಿಮ್ಮ ಕೆಲಸಕ್ಕೆ ಕಚೇರಿಗೆ ಹೋದಾಗ ಯಾರಿಗೂ ಫೋನ್ ಮಾಡಿಸಬೇಡಿ. ಸಾಲಿನಲ್ಲಿ ನಿಲ್ಲಿ. ಹಲಗೆಯಲ್ಲಿ ಬರೆದಷ್ಟೇ ಶುಲ್ಕ ಕೊಡಿ, ಸ್ವೀಕೃತಿ ಕೈಗೆ ಬರುವವರೆಗೆ ಕಿಟಕಿ ಬಿಟ್ಟು ಕದಲಬೇಡಿ. ನಿಮ್ಮ ಹಿಂದೆ ನಿಂತವರಿಗೂ ಅದನ್ನು ಕೊಡಿಸಿ ಬನ್ನಿ, ಅರ್ಧ ಗಂಟೆ ಹೆಚ್ಚಾದೀತು. ಅರ್ಜಿ ತಳ್ಳಿಹಾಕಿದರೆ ಕಾರಣವನ್ನು ಬರೆದು ಕೊಡಿ ಎನ್ನಿ. ಅಲ್ಲೂ ಬಗ್ಗದಿದ್ದರೆ ಮಾಹಿತಿ ಹಕ್ಕು ಇದೆ. 10 ರೂಪಾಯಿ, ಒಂದು ಹಾಳೆ, 30 ದಿನ. ಬಡತನ ರೇಖೆಗಿಂತ ಕೆಳಗಿನವರಿಗೆ ಆ 10 ರೂಪಾಯಿಯೂ ಬೇಡ.

ನಿವೃತ್ತರಾದ ಮೇಷ್ಟರೇ, ಗುಮಾಸ್ತರೇ, ನಿಮಗೆ ಆ ಕಚೇರಿಗಳ ಒಳಹೊರಗೆಲ್ಲ ಗೊತ್ತು. ವಾರಕ್ಕೆ ಒಂದು ಬೆಳಿಗ್ಗೆ ಒಂದು ಪೆನ್ನು, ಹತ್ತು ಬಿಳಿ ಹಾಳೆ ಹಿಡಿದು ಕಚೇರಿಯ ಜಗುಲಿಯ ಮೇಲೆ ಕೂತು ಕೇಳಿದವರಿಗೆಲ್ಲ ಅರ್ಜಿ ಬರೆದುಕೊಡಿ. ಟೀ ಅಂಗಡಿಯ ಬೆಂಚು ಒಂದೇ ತಿಂಗಳಲ್ಲಿ ಖಾಲಿಯಾಗುತ್ತದೆ. ಕಾಲೇಜಿನ ಎನ್‌ಎಸ್‌ಎಸ್ ಶಿಬಿರ ನಡೆಸುವವರೇ, ರಸ್ತೆ ಗುಡಿಸಿ ಫೋಟೊ ತೆಗೆಸಿಕೊಂಡದ್ದು ಸಾಕು. ಸಿಇಟಿ ಅರ್ಜಿಯ ದಿನಗಳಲ್ಲಿ ಮಕ್ಕಳನ್ನು ನಾಡಕಚೇರಿಗೆ ಕಳಿಸಿ, ತಮ್ಮಂಥವರೇ ಆದ ಮಕ್ಕಳ ಪಕ್ಕದಲ್ಲಿ ನಿಲ್ಲಲಿ. ಸ್ತ್ರೀಶಕ್ತಿ ಸಂಘದ ಅಕ್ಕಂದಿರೇ, ವಾರದ ಸಭೆಯಲ್ಲಿ ಸಾಲದ ಕಂತಿನ ಲೆಕ್ಕ ಮುಗಿದ ಮೇಲೆ ಇನ್ನೊಂದು ಪ್ರಶ್ನೆ ಕೇಳಿಕೊಳ್ಳಿ: ನಮ್ಮ ಬೀದಿಯಲ್ಲಿ ಯಾರ ಪಿಂಚಣಿ ನಿಂತಿದೆ?

ಊರು ಬಿಟ್ಟು ಬೆಂಗಳೂರಿಗೋ ಇನ್ನೂ ದೂರಕ್ಕೋ ಹೋದವರಿಗೆ ವಿಶೇಷವಾಗಿ ಹೇಳಬೇಕಿದೆ. ಹಬ್ಬಕ್ಕೆ ಬರುತ್ತೀರಿ, ಜಾತ್ರೆಗೆ ಚಂದಾ ಕೊಡುತ್ತೀರಿ, ದೇವಸ್ಥಾನದ ಗೋಪುರಕ್ಕೆ ಬಣ್ಣ ಬಳಿಸುತ್ತೀರಿ. ಒಂದೇ ಒಂದು ಸಲ ಗ್ರಾಮಸಭೆಯ ದಿನವೂ ಬನ್ನಿ. ಪ್ರತಿ ವರ್ಷ ಆಗಸ್ಟ್ 16ರಿಂದ ಸೆಪ್ಟೆಂಬರ್ 15ರೊಳಗೆ ಪಂಚಾಯಿತಿಯ ಜಮಾಬಂದಿ ನಡೆಯಬೇಕೆಂಬ ನಿಯಮವಿದೆ. ಹಿಂದಿನ ವರ್ಷ ಬಂದ ದುಡ್ಡೆಷ್ಟು, ಖರ್ಚಾದದ್ದೆಷ್ಟು, ಕಟ್ಟಿದ ಚರಂಡಿ ಎಲ್ಲಿ ಎಂದು ಜನರ ಎದುರೇ ಕಡತ ಬಿಚ್ಚಿ, ಸ್ಥಳಕ್ಕೆ ಹೋಗಿ ಅಳೆದು ನೋಡುವ ದಿನ ಅದು. ಲೆಕ್ಕಪತ್ರ ಓದಬಲ್ಲ ನಿಮ್ಮಂಥವರು ಒಬ್ಬರು ಅಲ್ಲಿ ನಿಂತರೂ ಸಾಕು, ಇಲ್ಲದ ಚರಂಡಿಗೆ ಬಿಲ್ ಮಾಡುವವರ ಕೈ ತಡೆಯುತ್ತದೆ.

ನಿಮ್ಮ ಪಂಚಾಯಿತಿಯ ಮುಂದಿನ ಗ್ರಾಮಸಭೆ ಯಾವತ್ತು ಎಂದು ಇವತ್ತೇ ಊರಿಗೆ ಫೋನ್ ಮಾಡಿ ಕೇಳಿ. ಗೊತ್ತಿಲ್ಲ ಎಂದರೆ ಪಂಚಾಯಿತಿ ಅಭಿವೃದ್ಧಿ ಅಧಿಕಾರಿಯನ್ನೇ ಕೇಳಿ, ದಿನಾಂಕವನ್ನು ಬರೆದಿಟ್ಟುಕೊಳ್ಳಿ. ಆ ದಿನಕ್ಕೆ ರಜೆ ಹಾಕಿ. ಬರುವಾಗ ಒಬ್ಬರೇ ಬರಬೇಡಿ, ಕಳೆದ ಸಲ ಮಾತಾಡಲು ಹೆದರಿ ಮೂಲೆಯಲ್ಲಿ ಕೂತಿದ್ದವರನ್ನು ಜೊತೆಗೆ ಕರೆದುಕೊಂಡು ಬನ್ನಿ.